ಅದರ ಮೇಲೆ ಏನೂ ಇಡಬಾರದು

ಶಹಾಡ್ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಲಗುವುದು, ಹಿಂದಿನದರಲ್ಲಿ ಅಡುಗೆ, ಸ್ನಾನ ಮತ್ತು ಜಗಳ. ಹಗಲು ಹೊತ್ತು ಬಾಗಿಲಿಗೆ ಚಿಲಕ ಕೂಡ ಹಾಕುತ್ತಿರಲಿಲ್ಲ. ಬೀಗ ಇದ್ದದ್ದು ಒಂದಕ್ಕೇ, ಮೂಲೆಯಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಕೂತಿದ್ದ ತಗಡಿನ ಟ್ರಂಕಿಗೆ. ಅದರ ತಳದಲ್ಲಿ ಅವ್ವನ ಮದುವೆಯ ಇಳಕಲ್ ಸೀರೆ, ಅದರ ಮೇಲೆ ಅವಳ ಇನ್ನೆರಡು ಒಳ್ಳೆಯ ಸೀರೆ, ರೇಶನ್ ಕಾರ್ಡು, ನಮ್ಮ ಶಾಲೆಯ ಕಾಗದಪತ್ರ. ಎಲ್ಲಕ್ಕಿಂತ ಮೇಲೆ ಬಿಳಿ ಪಂಚೆ ಹಾಸಿ ಮಡಚಿಟ್ಟ ರಾಷ್ಟ್ರಧ್ವಜ. ಧ್ವಜ ನಮ್ಮದಲ್ಲ, ಅಪ್ಪ ಕೆಲಸ ಮಾಡುತ್ತಿದ್ದ ಬಣ್ಣದ ಕಾರ್ಖಾನೆಯದು. ಅಪ್ಪ ಅಲ್ಲಿ ವಾಚ್‌ಮನ್‌ಗಳ ಜಮಾದಾರ. ಒಂದು ವರ್ಷ ಸ್ಟೋರಿನಲ್ಲಿಟ್ಟ ಧ್ವಜದ ಅಂಚನ್ನು ಇಲಿ ಕಡಿದಿತ್ತು. ಹೊಸ ಖಾದಿ ಧ್ವಜ ತಂದಾಗ ಅಪ್ಪ ಸಾಹೇಬರ ಮುಂದೆ ಹೋಗಿ, ಇದನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಕೇಳಿಕೊಂಡನಂತೆ. ಹಾಗೆ ಬಂದದ್ದು ಮತ್ತೆ ವಾಪಸು ಹೋಗಲೇ ಇಲ್ಲ. ಆಗಸ್ಟ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಕೆಲಸಕ್ಕೆ ಹೋಗಿ, ಸಂಜೆ ಅಪ್ಪನ ಎರಡು ಅಂಗೈ ಮೇಲೆ ಮನೆಗೆ ಬರುತ್ತಿತ್ತು.

ಅಪ್ಪನ ಕಾನೂನು ಒಂದೇ. ಅದರ ಮೇಲೆ ಏನೂ ಇಡಬಾರದು. ಕೇಳಲು ಸುಲಭ, ಬಾಳುವುದು ಕಷ್ಟ. ರೇಶನ್ ಕಾರ್ಡು ಬೇಕೆಂದರೆ ಸ್ನಾನವಾಗಿರಬೇಕು, ಮನೆಯಲ್ಲಿ ಇನ್ನೊಬ್ಬರು ಇರಬೇಕು, ಆ ಇನ್ನೊಬ್ಬರು ಧ್ವಜವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರಬೇಕು. ನೆಲಕ್ಕಂತೂ ಇಲ್ಲವೇ ಇಲ್ಲ, ಹಾಸಿಗೆಯ ಮೇಲೂ ಇಡುವಂತಿಲ್ಲ. ಅವ್ವ ಅದಕ್ಕೆ ಹೆಸರೇ ಇಟ್ಟಿದ್ದಳು, ನನ್ನ ಸವತಿ ಎಂದು. ನನಗೂ ಅಣ್ಣ ಬಸುವಿಗೂ ಅದು ಚಿಗವ್ವ. ಗಂಗೂ, ನಿಮ್ಮ ಚಿಗವ್ವನ್ನ ಸ್ವಲ್ಪ ಎತ್ತಿಕೋ, ಎನ್ನುವಳು. ನಾನು ಉಸಿರು ಬಿಗಿಹಿಡಿದು ನಿಲ್ಲುವೆ, ಅವ್ವ ಗೊಣಗುತ್ತ ಟ್ರಂಕಿನಲ್ಲಿ ಕೈಯಾಡಿಸುವಳು. ಮದುವೆಯಾಗಿ ಬಂದವಳು ನಾನು, ನನ್ನ ಸೀರೆ ಅಡಿಗೆ. ನಿನ್ನೆ ಮೊನ್ನೆ ಬಂದವಳು ತಲೆಯ ಮೇಲೆ. ಅಪ್ಪ ಇದನ್ನು ಕೇಳಿ ಮೀಸೆಯೊಳಗೇ ನಗುತ್ತಿದ್ದ. ವಿಜಯಪುರದ ಕಡೆಯಿಂದ ಕೂಲಿಗೆಂದು ಬಂದವರು ನಾವು. ನಮ್ಮ ಮನೆಗೆ ದೊಡ್ಡಸ್ತಿಕೆ ಅಂತ ಇದ್ದದ್ದು ಅದೊಂದೇ, ಅದು ಅವ್ವನಿಗೂ ಗೊತ್ತಿತ್ತು. ನೆರೆಯ ಮರಾಠಿ ಹೆಂಗಸರ ಮುಂದೆ ಅವಳು ಅದನ್ನು ಸವತಿ ಎಂದು ಒಮ್ಮೆಯೂ ಅಂದವಳಲ್ಲ.

ಮಡಚುವುದನ್ನು ಅಪ್ಪ ನಮಗೆ ಕಲಿಸಿದ್ದು ಚಾದರದ ಮೇಲೆ. ಧ್ವಜ ಆಟಕ್ಕೆ ಕೊಡುವ ವಸ್ತುವಲ್ಲವಲ್ಲ. ಭಾನುವಾರ ಹಗ್ಗದಿಂದ ಇಳಿಸಿದ ಚಾದರದ ಎರಡು ತುದಿ ಅಪ್ಪನ ಕೈಗೆ, ಎರಡು ತುದಿ ಅಣ್ಣನ ಕೈಗೆ. ಮೊದಲು ನೆಲಕ್ಕೆ ಸಮನಾಗಿ ಬಿಗಿಯಾಗಿ ಹಿಡಿಯಬೇಕು. ಆಮೇಲೆ ಕೇಸರಿ ಪಟ್ಟಿ ಬಿಳಿಯ ಅಡಿಗೆ ಹೋಗಬೇಕು, ಹಸಿರೂ ಅಡಿಗೆ ಹೋಗಬೇಕು. ಈಗ ಬಿಳಿಯ ಒಂದು ಉದ್ದ ಪಟ್ಟಿ ಉಳಿಯುತ್ತದೆ, ನಡುವೆ ಚಕ್ರ. ಆ ಪಟ್ಟಿಯ ಎರಡೂ ತುದಿಗಳನ್ನು ಮತ್ತೆ ಅಡಿಗೇ ಮಡಚುತ್ತ ಬಂದರೆ ಕೊನೆಗೆ ಮೇಲೆ ಕಾಣುವುದು ಚಕ್ರ ಮಾತ್ರ, ಆಚೀಚೆ ಕೇಸರಿಯದೂ ಹಸಿರಿನದೂ ಒಂದೊಂದು ಅಂಚು. ಇದನ್ನು ಅಪ್ಪನಿಗೆ ಕಲಿಸಿದವರು ಅವನಿಗಿಂತ ಮೊದಲಿದ್ದ ಜಮಾದಾರರು, ಫೌಜಿನಿಂದ ನಿವೃತ್ತರಾಗಿ ಬಂದವರು. ಹೇಗೆ ಎಂಬುದನ್ನಷ್ಟೇ ಅವರು ಹೇಳಿದ್ದರು. ಯಾಕೆ ಎಂಬುದನ್ನು ಅಪ್ಪ ತಾನೇ ಹುಡುಕಿಕೊಂಡಿದ್ದ. ಈಗ ನಾನಿರುವ ಘೋಡಬಂದರ್ ರಸ್ತೆಯ ಕಟ್ಟಡದಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಅಪ್ಪನ ಅರ್ಥವನ್ನು ಅವರಿಗೆ ಹೇಳಿದಾಗ, ಹಾಗೆಲ್ಲ ಎಲ್ಲೂ ಬರೆದಿಲ್ಲ ಬಾಯೀ ಎಂದು ನಕ್ಕರು. ಬರೆದಿಲ್ಲದಿದ್ದರೆ ಬಿಡಿ. ನಮ್ಮ ಮನೆಯಲ್ಲಿ ಅಪ್ಪ ಹೇಳಿದ್ದೇ ನಡೆಯುತ್ತಿತ್ತು.

“ಕೇಸರಿ ಅಂದ್ರ ನಾನು, ಹಸರು ಅಂದ್ರ ನಿಮ್ಮವ್ವ. ಇಬ್ರೂ ಬಗ್ಗಿ ಕೆಳಗ ಹೋಗಬೇಕು. ಬಿಳೇದು ಮನಿ. ಚಕ್ರ ನೀವು. ನಾವು ಎಷ್ಟರ ಮಡಿಕಿ ಬೀಳಲಿ, ಚಕ್ರದ ಮ್ಯಾಲ ಒಂದ್ ಗೆರಿ ಬೀಳಬಾರದು.”

ಮಕ್ಕಳು ಇಬ್ಬರು, ಚಕ್ರ ಒಂದೇ ಹೇಗೆ ಎಂದು ಅಣ್ಣ ಕೇಳಿದ. ಅವನಿಗೆ ಅಪ್ಪನನ್ನು ಸಿಕ್ಕಿಸುವುದೆಂದರೆ ಬಲು ಖುಷಿ. ಅಪ್ಪ ತಡಬಡಿಸದೆ, ಇಪ್ಪತ್ನಾಲ್ಕು ಕಡ್ಡಿ ಅವೆ, ತಲೆಗೆ ಹನ್ನೆರಡು ಹಂಚಿಕೊಳ್ರಿ ಎಂದ. ಮುಂದೆ ಎಷ್ಟೋ ದಿನ ನಾವು ಜಗಳವಾಡಿದಾಗಲೆಲ್ಲ ಅಣ್ಣ, ನಿನ್ನ ಹನ್ನೆರಡರಲ್ಲಿ ಎರಡು ಕಡ್ಡಿ ಕಿತ್ತುಕೊಂಡೆ ನೋಡು ಎಂದು ನನ್ನನ್ನು ಅಳಿಸುತ್ತಿದ್ದ. ಮಡಚಿದ್ದನ್ನು ಒಂದು ಕೈಯಲ್ಲಿ ಹಿಡಿಯಬಾರದು, ಬಗಲಲ್ಲಿ ಅಮುಕಬಾರದು, ಎರಡು ಅಂಗೈ ಮೇಲೆ ಹೊರಬೇಕು. ಕೂಸನ್ನು ಹೊತ್ತ ಹಾಗೆ ಎಂದು ಅಪ್ಪ ತೋರಿಸುತ್ತಿದ್ದ. ಜನವರಿಯಲ್ಲಿ ಇನ್ನೊಂದು ಬಗೆ. ಆಗಸ್ಟ್‌ನಲ್ಲಿ ಧ್ವಜ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಜನವರಿಯಲ್ಲಿ ಮೊದಲೇ ಮೇಲೆ ಕಟ್ಟಿಟ್ಟು, ಹಗ್ಗ ಜಗ್ಗಿದಾಗ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆ ಮಡಿಕೆಯೊಳಗೆ ಹೂವಿನ ಎಸಳು ತುಂಬುವ ಕೆಲಸ ಅಣ್ಣನದು. ಕಲ್ಯಾಣದ ಹೂವಿನ ಪೇಟೆಯಿಂದ ಅವನು ಚೆಂಡುಹೂ ತರುವನು, ಹಿಂದಿನ ಸಂಜೆ ಅವ್ವ ಮತ್ತು ನಾನು ಎಸಳು ಬಿಡಿಸುವೆವು. ತೊಟ್ಟು ಒಂದೂ ಬರಬಾರದು, ಸಾಹೇಬರ ತಲೆಯ ಮೇಲೆ ಬಿದ್ದೀತು ಎಂದು ಅಪ್ಪ ಪಕ್ಕದಲ್ಲೇ ಕೂತು ಕಾಯುವನು.

ಹತ್ತೊಂಬತ್ತಕ್ಕೆ ಅಣ್ಣನಿಗೆ ಫೌಜಿನ ಹುಚ್ಚು ಹಿಡಿಯಿತು. ಹಿಡಿಸಿದವನು ಅಪ್ಪನೇ, ಇನ್ನಾರು? ಬೆಳಗಾದರೆ ಉಲ್ಹಾಸ್ ನದಿಯ ಸೇತುವೆಯವರೆಗೆ ಓಡಿ ಬರುವನು. ಬಂದವನಿಗೆ ಅವ್ವ ನೆನೆಸಿದ ಕಡಲೆಯನ್ನೂ ಬೈಗುಳವನ್ನೂ ಒಟ್ಟಿಗೆ ಬಡಿಸುವಳು. ಗಂಡನನ್ನು ಅರ್ಧ ಕಸಿದುಕೊಂಡ ಸವತಿ ಈಗ ಮಗನಿಗೆ ಕೈ ಹಾಕಿದ್ದಾಳೆ ಎಂದು ಅವಳ ಗೋಳು. ಆದರೆ ಫೌಜಿನ ಭರತಿ ಪರೀಕ್ಷೆಯಲ್ಲಿ ಪಾಸಾಗಿ, ಇಂಥ ದಿನ ತರಬೇತಿಗೆ ಹಾಜರಾಗು ಎಂಬ ಕಾಗದ ಬಂದಾಗ ಚಾಳಿನ ಮನೆಮನೆಗೂ ಪೇಡೆ ಹಂಚಿದವಳು ಅವಳೇ. ಓದಲು ಬಾರದವಳು ಆ ಕಾಗದವನ್ನು ನನ್ನ ಕೈಯಲ್ಲಿ ನಾಲ್ಕು ಸಲ ಓದಿಸಿದಳು. ಟ್ರಂಕಿನಲ್ಲಿ ಧ್ವಜದ ಅಡಿಗೆ ಅದನ್ನಿಟ್ಟು ಬೀಗ ಹಾಕಿದಳು. ಹೊರಡಲು ಇನ್ನೂ ಮೂರು ವಾರವಿತ್ತು.

ಆ ಮಳೆಗಾಲದಲ್ಲಿ ನದಿ ಉಕ್ಕಿ ಚಾಳಿನೊಳಗೆ ಮೊಣಕಾಲಿನಷ್ಟು ನೀರು ಬಂತು. ಎರಡು ದಿನ ಅಣ್ಣ ಆ ನೀರಿನಲ್ಲೇ ಇದ್ದ. ಮುದುಕರನ್ನು ಹೆಗಲ ಮೇಲೆ ಹೊತ್ತು ಸ್ಟೇಷನ್ನಿಗೆ ಮುಟ್ಟಿಸಿದ, ನಮ್ಮ ಟ್ರಂಕನ್ನು ತಲೆಯ ಮೇಲೆ ಹೊತ್ತ. ಓಡಿ ಓಡಿ ಅವನ ಹಿಮ್ಮಡಿ ಒಡೆದಿತ್ತು. ನೀರು ಇಳಿದ ವಾರಕ್ಕೆ ಜ್ವರ ಬಂತು. ಮಾಮೂಲಿ ಜ್ವರವೆಂದು ಮೂರು ದಿನ ಕಷಾಯ ಕುಡಿಸಿದೆವು. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ನೆರೆನೀರಿನಿಂದ ಬರುವ ಇಲಿ ಜ್ವರ ಎಂದರು, ತಡವಾಗಿದೆ ಎಂದರು. ನಾಲ್ಕನೆಯ ದಿನ ಅಪ್ಪ ಅವನನ್ನು ಮನೆಗೆ ತಂದ. ಧ್ವಜವನ್ನು ಇಲಿ ಮುಟ್ಟಬಾರದೆಂದು ಮನೆಗೆ ತಂದಿಟ್ಟುಕೊಂಡ ಮನುಷ್ಯ ಅವನು. ಆ ಯೋಚನೆ ಅವನಿಗೂ ಬಂದಿರಲೇಬೇಕು. ನನಗೆ ಬರುವ ಹೊತ್ತಿಗೆ ನಾನು ಬಹಳ ದೊಡ್ಡವಳಾಗಿದ್ದೆ.

ಮುಂದಿನ ಕೋಣೆಯಲ್ಲಿ ಅಣ್ಣನನ್ನು ಮಲಗಿಸಿದ್ದರು, ಎದೆಯ ಮೇಲೆ ಶಾವಂತಿಗೆಯ ಹಾರ. ಚಾಳಿನವರು ಬಾಗಿಲಲ್ಲಿ ತುಂಬಿದ್ದರು. ಇನ್ನೇನು ಎತ್ತಬೇಕು, ಅವ್ವ ಅಳುವುದನ್ನು ನಿಲ್ಲಿಸಿ ಎದ್ದು ಹೋಗಿ ಟ್ರಂಕಿನ ಮುಂದೆ ನಿಂತಳು. ಅಪ್ಪನನ್ನು ಕರೆದಳು. ನಾನು ಅಣ್ಣನ ಕಾಲ ಬಳಿ ಕೂತಿದ್ದೆ, ನನಗೆ ಹನ್ನೆರಡು ವರ್ಷ. ಆಮೇಲಿನ ಮಾತು ಒಂದೊಂದೂ ನನಗೆ ಕೇಳಿಸಿತು.

“ಬೀಗ ತಗೀರಿ. ಅದನ್ನ ನನ್ನ ಮಗನ ಮ್ಯಾಲ ಹೊಚ್ರಿ.”

“ಅದು ನಮ್ಮದಲ್ಲ.”

“ಕಾಗದ ಬಂದೈತಲ್ರಿ ಅವಂಗ. ಅವರವನಾ ಆಗ್ಯಾನಲ್ಲ.”

“ಕಾಗದ ಬಂದೈತಿ, ಅವ ಹೋಗಿಲ್ಲ. ಆಣಿ ಮಾಡಿಲ್ಲ. ಸಿಪಾಯಿ ಅಲ್ಲ ಅವ.”

ಸಿಪಾಯಿ ಅಲ್ಲ ಅವ. ಅಪ್ಪ ದನಿ ಏರಿಸಲಿಲ್ಲ, ಕೈ ಬೀಸಲಿಲ್ಲ, ಗೇಟಿನಲ್ಲಿ ಪಾಸಿಲ್ಲದವನಿಗೆ ಹೇಳುವ ದನಿಯಲ್ಲಿ ಹೇಳಿದ. ಅವ್ವ ಅವನನ್ನು ಒಂದು ಗಳಿಗೆ ನೋಡಿದಳು. ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ, ಬೀಳಲಿಲ್ಲ. ಬಂದು ಅಣ್ಣನ ಎದೆಯ ಹಾರದಿಂದ ಒಂದು ಹಿಡಿ ಹೂ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವನನ್ನು ಹಳೆಯ ಚಾದರದಲ್ಲಿ ಹೊತ್ತೊಯ್ದು ಮಣ್ಣು ಮಾಡಿದರು. ನಾವು ಮಡಚುವುದನ್ನು ಕಲಿತ ಚಾದರ ಅದು. ಅಪ್ಪನ ಮೇಲೆ ನನಗೆ ಅಂದು ಹುಟ್ಟಿದ ಸಿಟ್ಟನ್ನು ಈಗ ಬರೆಯುವಾಗಲೂ ಕೈ ಗುರುತಿಸುತ್ತದೆ. ಹತ್ತು ದಿನ ಕಳೆದಿರಲಿಲ್ಲ, ಆಗಸ್ಟ್ ಹದಿನೈದು ಬಂತು. ಅಪ್ಪ ಸಮವಸ್ತ್ರ ಹಾಕಿಕೊಂಡು, ಟ್ರಂಕು ತೆಗೆದು, ಧ್ವಜವನ್ನು ಅಂಗೈ ಮೇಲೆ ಹೊತ್ತು ಹೋದ. ಅವನು ಅತ್ತ ಹೋದದ್ದೇ ಅವ್ವ ತನ್ನ ಎರಡು ಸೀರೆಗಳನ್ನೂ ರೇಶನ್ ಕಾರ್ಡನ್ನೂ ತೆಗೆದು ಅಡುಗೆಕೋಣೆಯ ಹಲಗೆಯ ಮೇಲಿಟ್ಟಳು. ಈ ಟ್ರಂಕಿಗೆ ಇನ್ನು ಮೇಲೆ ಕೈ ಹಚ್ಚುವುದಿಲ್ಲ ಎಂದಳು. ಮದುವೆಯ ಸೀರೆ ತಳದಲ್ಲೇ ಉಳಿಯಿತು.

ಅವ್ವ ಅಪ್ಪನಿಗೆ ಅನ್ನ ಹಾಕಿದಳು, ಸಮವಸ್ತ್ರ ಒಗೆದಳು, ಜ್ವರ ಬಂದರೆ ಹಣೆ ಒತ್ತಿದಳು. ಆದರೆ ಅವನ ಜೊತೆ ಚಾದರ ಹಿಡಿಯಲಿಲ್ಲ. ಭಾನುವಾರ ಅಪ್ಪ ಎರಡು ತುದಿ ಹಿಡಿದು ನಿಂತರೆ ಅವಳು ಒಳಗೆ ನಡೆಯುವಳು. ತಾನೇ ಮಡಚುವಾಗ ಚಾದರದ ನಡುವನ್ನು ಗದ್ದದ ಕೆಳಗೆ ಅಮುಕಿ, ಕೈ ಅಗಲಿಸಿ, ಒಬ್ಬಳೇ ಮಡಚುವಳು. ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ನಮ್ಮ ಮನೆಯ ಹಾಸಿಗೆಗಳೆಲ್ಲ ಓರೆಯಾದವು.

ಜನವರಿ ಬಂತು. ಧ್ವಜದ ಆಚೆ ತುದಿ ಹಿಡಿಯಲು ಅಪ್ಪನಿಗೆ ಈಗ ನಾನು ಬೇಕಾಗಿದ್ದೆ. ಹೊರಡುವಾಗ ಅವ್ವ ನನ್ನನ್ನು ಹಿಂದಿನ ಕೋಣೆಗೆ ಕರೆದು, ಬೇಳೆ ಡಬ್ಬಿಯ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಲಂಗದ ಜೇಬಿಗೆ ಹಾಕಿದಳು. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ, ಶಾವಂತಿಗೆಯ ವಾಸನೆ ಒಣಗಿದರೂ ಹೋಗುವುದಿಲ್ಲ.

“ಹೊಸ ಹೂವಿನ ಜೋಡಿ ಇದನ್ನೂ ಇಡು. ಮಗನ ಮ್ಯಾಲ ಅದು ಬರಲಿಲ್ಲ. ಮಗನರ ಅದರಾಗ ಹೋಗಲಿ.”

ಕಾರ್ಖಾನೆಯ ಗೇಟಿನ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಾವಿಬ್ಬರೂ ಧ್ವಜ ಹರವಿದೆವು. ಎಸಳು ಇಡು ಎಂದು ಹೇಳಿ ಅಪ್ಪ ಹಗ್ಗ ನೋಡಲು ಹೊರಗೆ ಹೋದ. ನಾನು ಚೆಂಡುಹೂವಿನ ಎಸಳಿನ ನಡುವೆ ಪೊಟ್ಟಣವನ್ನೂ ಸುರಿದು ಮೇಲೆ ಇನ್ನೊಂದು ಹಿಡಿ ಹೊಸ ಎಸಳು ಮುಚ್ಚಿದೆ. ಅಪ್ಪ ಬಂದು ಮಡಚಿದ, ಕಟ್ಟಿದ. ಸಾಹೇಬರು ಹಗ್ಗ ಜಗ್ಗಿದರು, ಧ್ವಜ ಬಿಚ್ಚಿತು. ಹಳದಿ ಎಸಳುಗಳ ಜೊತೆ ಕಂದು ಬಣ್ಣದವೂ ಇಳಿದವು. ಹಗುರವಾಗಿದ್ದರಿಂದ ಅವು ತಡವಾಗಿ ಇಳಿದವು. ಕಂಬದ ಬುಡದಲ್ಲಿ ಸೆಲ್ಯೂಟ್ ಹೊಡೆದು ಮುಖ ಮೇಲೆತ್ತಿ ನಿಂತಿದ್ದ ಅಪ್ಪನ ಟೋಪಿಯ ಮೇಲೆ, ಭುಜದ ಮೇಲೆ ಬಿದ್ದವು. ಒಂದು ಎಸಳು ಮೀಸೆಗೆ ಸಿಕ್ಕಿಕೊಂಡಿತು. ರಾಷ್ಟ್ರಗೀತೆ ಮುಗಿಯುವವರೆಗೂ ಅವನು ಅಲುಗಲಿಲ್ಲ. ಎಲ್ಲರೂ ಚಹಾ ಲಾಡುವಿನ ಕಡೆ ಹೋದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಹೊಸ ಎಸಳುಗಳನ್ನು ಬಿಟ್ಟು ಹಳೆಯವನ್ನಷ್ಟೇ ಒಂದೊಂದಾಗಿ ಆರಿಸಿ ತನ್ನ ನೀಲಿ ಚೌಕಳಿಯ ಕರವಸ್ತ್ರದಲ್ಲಿ ಹಾಕಿಕೊಂಡ. ಯಾರು ಕೊಟ್ಟರು ಎಂದು ಕೇಳಿದ. ಅವ್ವ ಎಂದೆ. ಅಷ್ಟೇ.

ನಾನು ಮಧ್ಯಾಹ್ನ ಒಬ್ಬಳೇ ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

“ಬಿದ್ವೇನ?”

“ಬಿದ್ವು.”

“ನಿಮ್ಮಪ್ಪ ಏನಂದ?”

“ಏನೂ ಅನ್ನಲಿಲ್ಲ.”

ಅವಳ ಮುಖದಲ್ಲಿ ಏನೋ ಒಂದು ಕೊನೆಯ ಸಲಕ್ಕೆ ಮುಚ್ಚಿಕೊಂಡಿತು. ಕಲ್ಲು ಎಂದಳು, ಒಳಗೆ ಹೋದಳು. ಅಪ್ಪ ಕುಕ್ಕರಗಾಲಿನಲ್ಲಿ ಕೂತದ್ದನ್ನು ನಾನು ಹೇಳಲಿಲ್ಲ. ಸಂಜೆ ಅವ್ವ ನಲ್ಲಿಯ ಕಡೆ ಹೋಗಿದ್ದಾಗ ಅಪ್ಪ ಬಂದ. ನನ್ನ ಕೈಯಲ್ಲಿ ಬೀಗ ತೆಗೆಸಿದ. ಧ್ವಜವನ್ನು ಟ್ರಂಕಿನಲ್ಲಿಟ್ಟ. ಆಮೇಲೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಧ್ವಜದ ಮೇಲೆ, ಚಕ್ರದ ನಟ್ಟನಡುವೆ ಇಟ್ಟ. ಅದರ ಮೇಲೆ ಏನೂ ಇಡಬಾರದು ಎಂದು ಜೀವಮಾನವಿಡೀ ನಮ್ಮ ಪ್ರಾಣ ಹಿಂಡಿದವನು ಇಟ್ಟ. ಇಟ್ಟು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಬಾಯಿ ಮುಚ್ಚಿಕೊಂಡಿರು ಎಂದು ಆ ನೋಟದ ಅರ್ಥ ಎಂದುಕೊಂಡೆ. ನಾನು ಬಾಯಿ ಮುಚ್ಚಿಕೊಂಡೆ.

ಅದೊಂದೇ ಕಾರಣವಲ್ಲ, ಒಪ್ಪಿಕೊಂಡುಬಿಡುತ್ತೇನೆ. ಅಣ್ಣ ಹೋದ ಮೇಲೆ ಅವ್ವ ನನ್ನವಳಾಗಿದ್ದಳು. ಅಪ್ಪನನ್ನು ಬೈಯುವಾಗ ನನ್ನ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡು ಬೈಯುತ್ತಿದ್ದಳು. ಆ ತೊಡೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ, ಹಬ್ಬಕ್ಕೆ ಹೇಳೋಣ ಎಂದುಕೊಂಡೆ. ಹೊತ್ತು ಮೀರಿದ ಮಾತನ್ನು ಬಾಯಿಗೆ ತರುವುದು ಎಷ್ಟು ಕಷ್ಟವೆಂದು ಅದನ್ನು ನುಂಗಿದವರಿಗೇ ಗೊತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹೆಂಗಸು ನಾನಾದದ್ದು ಹೀಗೆ. ಗಂಡನೂ ಮಗನೂ ಇದನ್ನು ನನ್ನ ಸ್ವಭಾವ ಎಂದುಕೊಂಡಿದ್ದಾರೆ.

ಧ್ವಜ ಹೋಗಿಬಂದ ಪ್ರತಿ ಸಲವೂ ಅಪ್ಪ ಆ ಗಂಟನ್ನು ಮತ್ತೆ ಅದರ ಮೇಲಿಡುತ್ತಿದ್ದ. ವರ್ಷಗಳ ಮೇಲೆ ಕಾರ್ಖಾನೆ ಮುಚ್ಚಿತು. ಧ್ವಜ ಕೇಳಿಕೊಂಡು ಯಾರೂ ಬರಲಿಲ್ಲ. ನನಗೆ ಕೆಲಸ ಸಿಕ್ಕಿ ಡೊಂಬಿವಲಿಗೆ ಮನೆ ಬದಲಿಸಿದಾಗ ಟ್ರಂಕೂ ಬಂತು, ಬೀಗ ಸಮೇತ. ಅವ್ವ ಅದರ ಮೇಲಿನ ಧೂಳನ್ನು ಕೂಡ ಒರೆಸಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಚಹಾ ಸೋಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಮುತ್ತೈದೆಯಾಗಿ ಹೋಗಿದ್ದಾಳೆ, ಮದುವೆಯ ಸೀರೆ ಉಡಿಸಬೇಕು ಎಂದರು ಹೆಂಗಸರು. ಸೀರೆ ಎಲ್ಲಿದೆ ಎಂದು ನಾನು ಹೇಳಬೇಕಾಗಿರಲಿಲ್ಲ. ಅಪ್ಪ ಗೋಡೆ ಹಿಡಿದು ಎದ್ದು ಬಂದು ಬೀಗ ತೆಗೆದ, ಧ್ವಜವನ್ನು ಎತ್ತಿ ನನ್ನ ಅಂಗೈಗಳ ಮೇಲಿಟ್ಟ. ಕರವಸ್ತ್ರದ ಗಂಟು ಅದರ ಮೇಲೆ ಹಾಗೇ ಇತ್ತು. ನೀಲಿ ಚೌಕಳಿ ಮಾಸಿ ಬೂದಿಬಣ್ಣವಾಗಿತ್ತು. ತಳದಿಂದ ಸೀರೆ ತೆಗೆದ. ಮಡಿಕೆಯ ಗೆರೆಗಳಲ್ಲಿ ಅದು ಹರಿದಿತ್ತು. ಆ ಗೆರೆಗಳ ಮೇಲೆ ಬೆರಳಾಡಿಸುತ್ತ, ನನ್ನನ್ನು ನೋಡದೆಯೇ ಮಾತಾಡಿದ.

“ಅವತ್ತ ಹೊಚ್ಚಬಹುದಿತ್ತು, ಗಂಗೂ. ಯಾರ್ ಕೇಳಾವರಿದ್ರು? ಆದ್ರ ಹೊಚ್ಚಿದ್ದನ್ನ ಕುಣಿಗೆ ಇಳಸೂ ಮೊದಲ ತಗೀಬೇಕು. ಮಡಚಬೇಕು. ಮಡಚಿ ತಾಯಿ ಕೈಯಾಗ ಇಡಬೇಕು. ನಾನಾ ಮಡಚಿ ಆಕಿ ಕೈಯಾಗ ಇಡಬೇಕಿತ್ತು. ನನ್ನ ಕೈಲೆ ಆಗತಿದ್ದಿಲ್ಲ. ಅದಕ್ಕ ಕಾಯ್ದೆ ಹೇಳಿದೆ.”

ಅವ್ವನಿಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಪ್ಪ ಕರವಸ್ತ್ರದ ಗಂಟಿನ ಕಡೆ ನೋಡಿದ.

“ಬಾಯಿಲೆ ಹೇಳಾಕ ಆಗಲಿಲ್ಲ, ಅದಕ್ಕ ಇದನ್ನ ಇಟ್ಟೆ. ನೀ ನೋಡಿದ್ದಿ. ಆಕಿಗೆ ಹೇಳಿರತಿ ಅಂತ ತಿಳಕೊಂಡಿದ್ದೆ. ಆಕಿ ಏನರ ಅಂತಾಳ ಅಂತ ದಾರಿ ನೋಡಿದೆ.”

ಹೇಳಿದ್ದೆ ಎಂದು ಒಂದು ಸುಳ್ಳು ಆಡಿಬಿಡಬಹುದಿತ್ತು. ಆಗ ಅವನಿಗೆ, ತಿಳಿದೂ ಅವಳು ಕ್ಷಮಿಸಲಿಲ್ಲ ಎಂದಾಗುತ್ತಿತ್ತು. ಹೇಳಿಲ್ಲ ಎಂದರೆ ಅವಳು ತಿಳಿಯದೆಯೇ ಹೋದಳು ಎಂದಾಗುತ್ತಿತ್ತು. ಎರಡರಲ್ಲಿ ಯಾವುದು ಕಡಿಮೆ ಕ್ರೂರವೋ ನನಗೆ ಇವತ್ತಿಗೂ ಗೊತ್ತಿಲ್ಲ.

“ನಾ ಹೇಳಲಿಲ್ಲ, ಅಪ್ಪಾ.”

ಅವನು ತಲೆಯಾಡಿಸಿದ. ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಹೆಂಗಸರು ಸೀರೆ ಉಡಿಸಿ ಮುಗಿಸುವವರೆಗೂ ಹೊರಗೆ ನಿಂತಿದ್ದು ಒಳಗೆ ಬಂದ. ನಾನು ಇನ್ನೂ ಧ್ವಜ ಹೊತ್ತೇ ನಿಂತಿದ್ದೆ. ಅದನ್ನು ಅವನು ಮುಟ್ಟಲಿಲ್ಲ. ಮೇಲಿನ ಗಂಟನ್ನು ತೆಗೆದು ಬಿಚ್ಚಿದ; ಎಸಳುಗಳು ಪುಡಿಯಾಗಿದ್ದವು. ಕರವಸ್ತ್ರದ ಮೇಲಿನ ಅಂಚನ್ನು ಅಡಿಗೆ ಮಡಚಿದ, ಕೆಳಗಿನ ಅಂಚನ್ನು ಅಡಿಗೆ ಮಡಚಿದ, ಎರಡೂ ತುದಿಗಳನ್ನು ಅಡಿಗೇ ತಂದ; ಚಕ್ರದ ಜಾಗದಲ್ಲಿ ಎಸಳಿನ ಪುಡಿ ಉಳಿಯಿತು. ಎರಡು ಅಂಗೈ ಮೇಲೆ ಅದನ್ನು ಹೊತ್ತು, ಮುಪ್ಪಿನ ಬೆನ್ನನ್ನು ಸಾಧ್ಯವಾದಷ್ಟು ನೆಟ್ಟಗೆ ಮಾಡಿಕೊಂಡು, ಅವ್ವನ ಹತ್ತಿರ ನಡೆದು ಬಗ್ಗಿ ಅವಳ ಕೈಗಳಲ್ಲಿ ಇಟ್ಟ. ಅವಳ ಬೆರಳು ಅದನ್ನು ಹಿಡಿದುಕೊಳ್ಳಲಿಲ್ಲ. ನಾನು ಧ್ವಜವನ್ನು ಅಪ್ಪನ ಕೈಗೆ ಕೊಟ್ಟು, ಕೆಳಗೆ ಕೂತು, ಒಂದೊಂದೇ ಬೆರಳನ್ನು ಮಡಚಿದೆ.